ಹೊಸ ಕುದುರೆಯನ್ನು ಮನೆಯ ಕುದುರೆಯೊಂದಿಗೆ ಹೊಂದಿಸುವುದು ಹೇಗೆ

ಟಿಪ್ಪು ಸುಲ್ತಾನನ ದಂಡಿಗೆ ಕುದುರೆ ಬೆಳೆಸಿದ ಕುಣಿಗಲ್ ಫಾರಂ ಇಂದಿಗೂ ಆ ಪಟ್ಟಣದ ಅಂಚಿನಲ್ಲಿ 400 ಎಕರೆಗೂ ಹೆಚ್ಚು ಜಾಗದಲ್ಲಿ ಹರಡಿಕೊಂಡಿದೆ. ತುಮಕೂರು ಜಿಲ್ಲೆಯವರಿಗೆ ಕುದುರೆಯೆಂದರೆ ಮೊದಲು ನೆನಪಾಗುವುದು ಆ ಫಾರಂ. ಆದರೆ ಅದರ ಬೇಲಿಯ ಹೊರಗೂ, ತೆಂಗಿನ ತೋಟದ ಮೂಲೆಯಲ್ಲಿ ಶೀಟು ಹೊದಿಸಿದ ಲಾಯ ಕಟ್ಟಿ ಒಂದು ಕುದುರೆ ಸಾಕಿಕೊಂಡವರು ಅಲ್ಲಲ್ಲಿ ಸಿಗುತ್ತಾರೆ. ಕೆಲವರದು ಮದುವೆ ಮೆರವಣಿಗೆಯ ಕುದುರೆ, ಕೆಲವರದು ರೇಸಿನಿಂದ ನಿವೃತ್ತವಾದದ್ದು, ಮತ್ತೆ ಕೆಲವರದು ಬರೀ ಆಸೆಗೆ ತಂದದ್ದು. ಒಂದು ಕುದುರೆ ಸಾಕಿದವರು ಕೆಲವು ವರ್ಷದಲ್ಲಿ ಇನ್ನೊಂದನ್ನು, ಅದರಲ್ಲೂ ಎಳೆಯದನ್ನು ತರುವುದು ವಾಡಿಕೆ, ಮತ್ತು ತಂದ ದಿನವೇ ಎರಡನ್ನೂ ಒಂದೇ ಆವರಣಕ್ಕೆ ಬಿಟ್ಟು, ‘ಅವೇ ನೋಡಿಕೊಳ್ಳುತ್ತವೆ ಬಿಡಿ’ ಎನ್ನುವುದೂ ಅಷ್ಟೇ ವಾಡಿಕೆ. ಅವು ನೋಡಿಕೊಳ್ಳುತ್ತವೆ ನಿಜ, ಆದರೆ ಹಿಂಗಾಲಿನಿಂದ ನೋಡಿಕೊಳ್ಳುತ್ತವೆ, ಲಾಳ ಹೊಡೆದ ಹಿಂಗಾಲಿನ ಒಂದು ಒದೆತಕ್ಕೆ ಎಳೆಯ ಕುದುರೆಯ ಮುಂಗಾಲಿನ ಮೂಳೆ ಮುರಿದರೆ ಅದಕ್ಕೆ ಚಿಕಿತ್ಸೆಯೆಂಬುದು ಹೆಚ್ಚಿನ ಸಂದರ್ಭಗಳಲ್ಲಿ ಇರುವುದೇ ಇಲ್ಲ.

ಎರಡು ಕುದುರೆಗಳನ್ನು ಪರಿಚಯಿಸುವುದೆಂದರೆ ಅವುಗಳ ನಡುವಿನ ದೂರವನ್ನು ದಿನದಿನಕ್ಕೂ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುವುದು, ಅವು ಹೊಂದಿಕೊಂಡ ಮೇಲೆ ಅದೇ ದೂರವನ್ನು ಅಷ್ಟೇ ನಿಧಾನವಾಗಿ ಹೆಚ್ಚಿಸುವುದು. ಈ ಎರಡನೆಯ ಅರ್ಧವನ್ನು ಬಹುಮಂದಿ ಮಾಡುವುದೇ ಇಲ್ಲ, ಮುಂದೆ ಸವಾರಿಯಲ್ಲಿ ಬರುವ ತೊಂದರೆಗಳಲ್ಲಿ ಬಹುಪಾಲು ಅಲ್ಲಿಂದಲೇ ಹುಟ್ಟುತ್ತವೆ. ಒಂದು ಉದಾಹರಣೆ ಇಟ್ಟುಕೊಂಡು ನೋಡುವುದು ಸುಲಭ. ಕುಣಿಗಲ್ ಬಳಿಯ ಒಂದು ತೋಟದಲ್ಲಿ ಹನ್ನೆರಡು ವರ್ಷದ, ಸವಾರಿಗೆ ಪಳಗಿದ ಹೆಣ್ಣು ಕುದುರೆಯಿದೆ ಎಂದುಕೊಳ್ಳೋಣ, ಅಲ್ಲಿಗೆ ಮೂರು ವರ್ಷದ ಗಂಡು ಬರುತ್ತಿದೆ. ಮೊದಲನೆಯದನ್ನು ಮನೆಯ ಕುದುರೆಯೆಂದೂ ಎರಡನೆಯದನ್ನು ಹೊಸ ಕುದುರೆಯೆಂದೂ ಕರೆಯುತ್ತೇನೆ.

ಬಂದಿರುವುದು ನಿಜವಾಗಿಯೂ ಮೂರು ವರ್ಷದ್ದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ನಮ್ಮ ಕಡೆ ಜಾತ್ರೆಯಲ್ಲಿ ದನ ಕೊಳ್ಳುವವರು ಸುಳಿ ನೋಡಿದಂತೆ ಕುದುರೆಗೂ ಸುಳಿ ನೋಡುವ ಪದ್ಧತಿಯಿದೆ. ನಂಬಿಕೆಯಿರುವವರು ನೋಡಿಕೊಳ್ಳಲಿ, ಆದರೆ ಹಲ್ಲು ನೋಡುವುದನ್ನು ಮಾತ್ರ ಮರೆಯಬಾರದು. ಕುದುರೆಯ ಮುಂದಿನ ನಡುಹಲ್ಲುಗಳು ಎರಡೂವರೆ ವರ್ಷದ ಹೊತ್ತಿಗೆ ಬಿದ್ದು ಶಾಶ್ವತ ಹಲ್ಲು ಬರುತ್ತವೆ, ಅವುಗಳ ಪಕ್ಕದವು ಮೂರೂವರೆಗೆ, ಅಂಚಿನವು ನಾಲ್ಕೂವರೆಗೆ. ಈ ಲೆಕ್ಕ ಏಕೆ ಮುಖ್ಯವೆಂದರೆ, ಎತ್ತರದಲ್ಲಿ ಬೆಳೆದು ನಿಂತಂತೆ ಕಾಣುವ ಕುದುರೆಯ ಬೆನ್ನುಮೂಳೆ ಪೂರ್ತಿ ಬಲಿಯುವುದು ಐದು ವರ್ಷ ದಾಟಿದ ಮೇಲೆ. ಆದ್ದರಿಂದ ಮೂರು ವರ್ಷದ ಕುದುರೆಯ ಮೊದಲ ತಿಂಗಳುಗಳ ಪಾಠವೆಲ್ಲ ಬೆನ್ನಿನ ಮೇಲೆ ಭಾರ ಹೊರಿಸದೆ, ಹಗ್ಗ ಹಿಡಿದು ನಡೆಸುತ್ತಲೇ ಆಗಬೇಕು. ಮನೆಯ ಕುದುರೆಯ ಜೊತೆ ಪರಿಚಯವಾಗುವ ಕಾಲವೂ ಅದೇ ಆಗಿರುವುದರಿಂದ ಎರಡೂ ಕೆಲಸ ಒಟ್ಟಿಗೆ ನಡೆಯುತ್ತವೆ. ಹೊಸದು ಗಂಡಾಗಿದ್ದರೆ ಬೀಜ ಒಡೆಸಿದ್ದಾರೆಯೇ, ಒಡೆಸಿದ್ದರೆ ಎಂದು ಎಂಬುದನ್ನೂ ಕೇಳಬೇಕು. ಒಡೆಸಿದ ಮರುದಿನವೇ ಗಂಡಿನ ಗುಣ ಇಳಿಯುವುದಿಲ್ಲ, ಕೆಲವು ವಾರಗಳವರೆಗೆ ಗರ್ಭ ಕಟ್ಟಿಸುವ ಶಕ್ತಿಯೂ ಉಳಿದಿರಬಹುದು. ಹೀಗಾಗಿ ಕನಿಷ್ಠ ಒಂದು ತಿಂಗಳು ಕಳೆಯುವವರೆಗೆ ಹೆಣ್ಣು ಕುದುರೆಯ ಜೊತೆ ಬಿಡುವ ಮಾತೇ ಇಲ್ಲ. ಬೀಜ ಒಡೆಸದ ಗಂಡಾದರೆ ಈ ಲೇಖನದ ಕ್ರಮ ಅದಕ್ಕೆ ಅನ್ವಯಿಸುವುದಿಲ್ಲ, ಅದು ಅನುಭವಸ್ಥರ ಕೈಯಲ್ಲೇ ಇರಬೇಕಾದ ಪ್ರಾಣಿ.

ಮೊದಲ ಮೂರು ವಾರ ಹೊಸ ಕುದುರೆ ಬೇರೆಯೇ ಇರಬೇಕು. ಇದು ಸ್ವಭಾವದ ಕಾರಣಕ್ಕಲ್ಲ, ರೋಗದ ಕಾರಣಕ್ಕೆ. ದವಡೆಯ ಕೆಳಗೆ ಗಂಟು ಕಟ್ಟಿ ಕೀವಾಗುವ ಸ್ಟ್ರ್ಯಾಂಗಲ್ಸ್ ಎಳೆಯ ಕುದುರೆಗಳಲ್ಲೇ ಹೆಚ್ಚು, ಸೋಂಕು ತಗುಲಿ ಲಕ್ಷಣ ಕಾಣಿಸಿಕೊಳ್ಳಲು ಎರಡು ವಾರದವರೆಗೂ ಹಿಡಿಯಬಹುದು. ಕುದುರೆ ಜ್ವರವೆನ್ನುವ ಇನ್‌ಫ್ಲುಯೆಂಜಾ 2008ರಲ್ಲಿ ಉತ್ತರದಲ್ಲಿ ಕಾಣಿಸಿಕೊಂಡು ದೇಶದ ಹಲವು ರಾಜ್ಯಗಳಿಗೆ ಹಬ್ಬಿತ್ತು, ಅದು ಕೆಮ್ಮಿನ ಹನಿಗಳಲ್ಲಿ ಗಾಳಿಯ ಮೂಲಕ ಸಾಗುತ್ತದೆ. ಎಲ್ಲಕ್ಕಿಂತ ಭಯಪಡಬೇಕಾದದ್ದು ಗ್ಲ್ಯಾಂಡರ್ಸ್, ಏಕೆಂದರೆ ಅದು ಮನುಷ್ಯರಿಗೂ ಅಂಟುವ ರೋಗ. ಅದು ಕಂಡರೆ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ, ದೃಢಪಟ್ಟ ಕುದುರೆಗೆ ದಯಾಮರಣ ಕೊಡಬೇಕಾಗುತ್ತದೆ. ರಕ್ತದ ಮಾದರಿಯ ಪರೀಕ್ಷೆಗೆ ಹರಿಯಾಣದ ಹಿಸಾರ್‌ನಲ್ಲಿ ಅಶ್ವಗಳಿಗಾಗಿಯೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ, ಮಾದರಿ ಕಳಿಸುವ ವ್ಯವಸ್ಥೆಯನ್ನು ತಾಲ್ಲೂಕಿನ ಪಶುವೈದ್ಯರ ಮೂಲಕ ಕೇಳಬೇಕು. ಕೊಳ್ಳುವ ಮೊದಲೇ ಈ ಪರೀಕ್ಷೆಯ ವರದಿ ಕೇಳುವುದು ಮಾರುವವರಿಗೆ ಅವಮಾನವೆನಿಸಿದರೆ ಎನಿಸಲಿ.

ಪ್ರತ್ಯೇಕವಾಗಿಡುವುದೆಂದರೆ ನಡುವೆ ಒಂದು ಹಗ್ಗ ಕಟ್ಟುವುದಲ್ಲ. ಮೂಗಿಗೆ ಮೂಗು ತಾಗದಷ್ಟು, ಕೆಮ್ಮಿದರೆ ಹನಿ ಮುಟ್ಟದಷ್ಟು ದೂರ ಬೇಕು, ತೋಟದ ಆ ತುದಿಗೊಂದು ಈ ತುದಿಗೊಂದು ಇದ್ದರೆ ಒಳ್ಳೆಯದು. ಬಕೆಟ್ಟು, ಉಜ್ಜುವ ಬ್ರಷ್ಷು, ಲಗಾಮು ಎಲ್ಲವೂ ಬೇರೆ ಬೇರೆ. ಒಬ್ಬನೇ ಎರಡನ್ನೂ ನೋಡಿಕೊಳ್ಳುವುದಾದರೆ ಮೊದಲು ಮನೆಯ ಕುದುರೆಯ ಕೆಲಸ ಮುಗಿಸಿ ಆಮೇಲೆ ಹೊಸದರ ಬಳಿ ಹೋಗಬೇಕು, ಈ ಸರದಿ ತಪ್ಪಬಾರದು. ಬೆಳಗ್ಗೆ ಸಂಜೆ ಥರ್ಮಾಮೀಟರ್ ಇಟ್ಟು ಶಾಖ ಬರೆದುಕೊಳ್ಳಬೇಕು. ವಿಶ್ರಾಂತಿಯಲ್ಲಿರುವ ಕುದುರೆಗೆ 99ರಿಂದ 101.5 ಡಿಗ್ರಿ ಫ್ಯಾರನ್‌ಹೀಟ್ ಸಹಜ, 102 ದಾಟಿದರೆ ವೈದ್ಯರನ್ನು ಕರೆಸಬೇಕು. ಗಂಟು, ಸಿಂಬಳ ಕಾಣುವ ಒಂದೆರಡು ದಿನ ಮೊದಲೇ ಶಾಖ ಏರುವುದರಿಂದ ಹೀಗೆ ದಿನವೂ ಬರೆದಿಡುವುದಕ್ಕೆ ಬೆಲೆಯಿದೆ. ಈ ವಾರಗಳಲ್ಲೇ ಧನುರ್ವಾಯುವಿನ ಲಸಿಕೆ ಕೊಡಿಸಿಕೊಳ್ಳಬಹುದು. ಮೇವನ್ನೂ ನಿಧಾನವಾಗಿ ಬದಲಿಸಬಹುದು. ಹಿಂದಿನ ಮಾಲೀಕರು ಏನು ಹಾಕುತ್ತಿದ್ದರೋ ಅದನ್ನೇ ಸ್ವಲ್ಪ ತಂದಿಟ್ಟುಕೊಂಡು, ಏಳೆಂಟು ದಿನಗಳಲ್ಲಿ ನಮ್ಮ ಹುಲ್ಲಿಗೂ ಬೇಯಿಸಿದ ಹುರುಳಿಗೂ ತಿರುಗಿಸಬೇಕು. ಕುದುರೆಗೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲ, ಹೊಟ್ಟೆಗೆ ಹೋದದ್ದು ಒಗ್ಗದಿದ್ದರೆ ಅದು ಶೂಲೆಯಾಗಿ ಕಾಡುತ್ತದೆ.

ಮೂರು ವಾರ ಜ್ವರವಿಲ್ಲದೆ ಕಳೆದ ಮೇಲೆ ಬೇಲಿಯ ಆಚೀಚೆ ಬರುತ್ತವೆ. ಇಲ್ಲಿ ನಮ್ಮ ಜಿಲ್ಲೆಗಳದೇ ಒಂದು ತೊಡಕಿದೆ. ತುಮಕೂರಿನಿಂದ ಕೋಲಾರದವರೆಗೆ ತೋಟಕ್ಕೆ ಬೇಲಿಯೆಂದರೆ ಕಲ್ಲುಕಂಬ ನೆಟ್ಟು ಎಳೆದ ಮುಳ್ಳುತಂತಿ. ದನಕ್ಕೆ ಅದು ಸರಿ, ಕುದುರೆಗೆ ಅಲ್ಲ. ದನ ತಂತಿ ತಾಗಿದೊಡನೆ ನಿಲ್ಲುತ್ತದೆ, ಕುದುರೆ ಬೆದರಿ ಹಿಂದಕ್ಕೆ ಎಳೆದುಕೊಂಡು ಚರ್ಮ, ಸ್ನಾಯು ಎಲ್ಲವನ್ನೂ ಸೀಳಿಕೊಳ್ಳುತ್ತದೆ. ಪರಿಚಯ ನಡೆಯುವ ಭಾಗದಲ್ಲಾದರೂ ತಂತಿ ಬಿಚ್ಚಿ ಬಿದಿರಿನ ಗಳುವನ್ನೋ ಸರ್ವೆ ಮರದ ಗಳುವನ್ನೋ ಅಡ್ಡ ಕಟ್ಟಬೇಕು. ಮೊದಲ ಕೆಲವು ದಿನ ಒಂದೇ ಬೇಲಿ ಸಾಲದು, ಎರಡು ಸಾಲು ಗಳು ಕಟ್ಟಿ ನಡುವೆ ಎರಡು ಮೂರು ಮೀಟರ್ ಓಣಿ ಬಿಟ್ಟರೆ ಅವು ಪರಸ್ಪರ ನೋಡುತ್ತವೆ, ಮೂಸುತ್ತವೆ, ಆದರೆ ಒದೆಯಲಾಗುವುದಿಲ್ಲ. ಆಮೇಲೆ ಒಂದು ಸಾಲು ತೆಗೆಯಬಹುದು.

ಈ ದಿನಗಳಲ್ಲಿ ಮನುಷ್ಯನಿಗೆ ಇರುವ ಕೆಲಸ ನೋಡುವುದು, ನೋಡಿ ಅರ್ಥ ಮಾಡಿಕೊಳ್ಳುವುದು. ಮೊದಲ ಭೇಟಿಯಲ್ಲಿ ಎರಡೂ ಕತ್ತು ಕಮಾನಿನಂತೆ ಬಾಗಿಸಿ ಮೂಗಿಗೆ ಮೂಗು ತಂದು ಉಸಿರು ಬದಲಾಯಿಸಿಕೊಳ್ಳುತ್ತವೆ, ಹತ್ತು ಹದಿನೈದು ಸೆಕೆಂಡಿನಲ್ಲಿ ಒಂದು ಕೀರಲು ಕೂಗು ಹೊರಡುತ್ತದೆ, ಮುಂಗಾಲು ನೆಲಕ್ಕೋ ಗಾಳಿಗೋ ಅಪ್ಪಳಿಸುತ್ತದೆ. ಕೇಳಿದವರ ಎದೆ ಹಾರುವಂಥ ಕೂಗು ಅದು, ಆದರೂ ಅದು ಜಗಳವಲ್ಲ, ಕುಲಗೋತ್ರ ವಿಚಾರಿಸುವ ಬಗೆ. ಎದುರಿಗೆ ನಿಂತು ಮೂಸುವಾಗಲೇ ಮುಂಗಾಲು ಬೀಸುವುದರಿಂದ, ಹಗ್ಗ ಹಿಡಿದವರು ಎರಡು ತಲೆಗಳ ನಡುವೆ ನಿಲ್ಲಲೇಬಾರದು ಎಂಬುದಷ್ಟೇ ಅದರಿಂದ ಕಲಿಯಬೇಕಾದ ಎಚ್ಚರ. ಎಳೆಯ ಕುದುರೆ ಕತ್ತು ಮುಂದಕ್ಕೆ ಚಾಚಿ, ತುಟಿ ಹಿಂದಕ್ಕೆಳೆದು, ಏನೋ ಅಗಿಯುತ್ತಿರುವಂತೆ ಬಾಯಿ ಪಟಪಟನೆ ತೆರೆದು ಮುಚ್ಚಿದರೆ ಅದನ್ನು ಕಚ್ಚಲು ಬರುತ್ತಿದೆಯೆಂದು ತಪ್ಪು ತಿಳಿಯುವವರು ಬಹಳ. ಅದು ‘ನಾನಿನ್ನೂ ಚಿಕ್ಕವನು’ ಎಂದು ಹಿರಿಯರಿಗೆ ತೋರಿಸುವ ವಿನಯ, ಮರಿಗಳಲ್ಲೂ ಎಳೆಯವುಗಳಲ್ಲೂ ಕಾಣುವ ಈ ವರ್ತನೆ ಬಲಿತ ಮೇಲೆ ತಾನಾಗಿ ಬಿಟ್ಟುಹೋಗುತ್ತದೆ.

ಕಿವಿಗಳನ್ನು ಓದುವುದು ಎಲ್ಲಕ್ಕಿಂತ ಸುಲಭ. ಕಿವಿ ಮುಂದಕ್ಕಿದ್ದರೆ ಕುತೂಹಲ, ಒಂದೊಂದು ಒಂದೊಂದು ಕಡೆ ತಿರುಗುತ್ತಿದ್ದರೆ ಲೆಕ್ಕಾಚಾರ, ಎರಡೂ ಕತ್ತಿಗೆ ಅಂಟಿಕೊಂಡು ಮೂಗಿನ ಹೊಳ್ಳೆ ಸುಕ್ಕುಗಟ್ಟಿದರೆ ಎಚ್ಚರಿಕೆ. ಆ ಎಚ್ಚರಿಕೆಯನ್ನು ಇನ್ನೊಂದು ಕುದುರೆ ಒಪ್ಪಿಕೊಂಡು ಸರಿದರೆ ವಿಷಯ ಅಲ್ಲಿಗೆ ಮುಗಿಯಿತು, ಹಿರಿಯ ಕುದುರೆ ಒಂದೆರಡು ಬಾರಿ ಹಾಗೆ ಗದರಿಸುವುದು ಬೇಕಾದದ್ದೇ. ಗದರಿಕೆ ಕೇಳಿ ಸರಿದ ಮೇಲೂ ಬೆನ್ನಟ್ಟಿ ಹೋಗಿ, ಪೃಷ್ಠ ತಿರುಗಿಸಿ, ಎರಡೂ ಹಿಂಗಾಲು ಒಟ್ಟಿಗೆ ಝಾಡಿಸಿದರೆ ಮಾತ್ರ ಒಂದು ಹೆಜ್ಜೆ ಹಿಂದೆ ಹೋಗಿ ಎರಡು ಸಾಲಿನ ಬೇಲಿಗೇ ಮರಳಬೇಕು. ಸ್ನೇಹ ಕುದುರಿತೆಂಬುದಕ್ಕೆ ಸಾಕ್ಷಿ, ಬೇಲಿಯ ಮೇಲಿನಿಂದ ಒಂದರ ಜೂಲಿನ ಬುಡವನ್ನು ಇನ್ನೊಂದು ಹಲ್ಲಿನಿಂದ ಕೆರೆಯುವುದು. ಹೆಗಲಿನ ಆ ಜಾಗದಲ್ಲಿ ಕೆರೆಸಿಕೊಳ್ಳುವಾಗ ಕುದುರೆಯ ಎದೆಬಡಿತ ಇಳಿಯುತ್ತದೆಂಬುದು ಅಳೆದು ಕಂಡುಕೊಂಡ ಸಂಗತಿ. ಹೊಸ ಕುದುರೆಯನ್ನು ಸಮಾಧಾನಪಡಿಸಲು ಮುಖ ತಟ್ಟುವ ಬದಲು ನಾವೂ ಅಲ್ಲೇ ಕೆರೆಯುವುದು ಮೇಲು.

ಒಟ್ಟಿಗೆ ಬಿಡುವ ದಿನಕ್ಕೆ ಜಾಗ ದೊಡ್ಡದಿರಬೇಕು, ಎರಡಕ್ಕೂ ಹೊಸದಾಗಿರಬೇಕು, ಸಿಕ್ಕಿಹಾಕಿಕೊಳ್ಳುವ ಮೂಲೆಗಳಿರಬಾರದು. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳ ಇದಕ್ಕೆ ಹೇಳಿ ಮಾಡಿಸಿದಂತೆ ಕಾಣುತ್ತದೆ, ಆದರೆ ಬಿರುಕು ಬಿಟ್ಟ ಹೂಳು ಕಾಲು ಮುರಿಯುತ್ತದೆ, ಬಳ್ಳಾರಿ ಜಾಲಿಯ ಮುಳ್ಳು ಗೊರಸಿನೊಳಗೆ ನಾಟುತ್ತದೆ. (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆರೆಗಳಿಗೆ ತುಂಬುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಿಂದ ಹರಿಯತೊಡಗಿದ ಮೇಲೆ ಕೋಲಾರದ ಹಲವು ಕೆರೆಗಳಲ್ಲಿ ಆ ಅಂಗಳವೂ ಉಳಿದಿಲ್ಲ, ಅದು ಬೇರೆ ಮಾತು.) ರಾಗಿ ಕೊಯ್ದ ಹೊಲ ಅದಕ್ಕಿಂತ ಉತ್ತಮ, ಹಿಂದಿನ ದಿನ ಒಂದು ಸುತ್ತು ನಡೆದು ಡ್ರಿಪ್ ಪೈಪು, ತೆರೆದ ಗುಂಡಿ, ತಂತಿಯ ಚೂರುಗಳನ್ನು ತೆಗೆದಿರಬೇಕು. ಹೊಲದ ಅಂಚಿಗೆ ಅಕ್ಕಡಿಯಾಗಿ ಹಾಕಿದ ಹರಳು ಗಿಡ ಇದೆಯೇ ಎಂದೂ ನೋಡಬೇಕು, ಹರಳಿನ ಬೀಜ ಕುದುರೆಗೆ ಕಡು ವಿಷ. ಕಣಗಿಲೆಯೂ ಹಾಗೆಯೇ, ಅದರ ಕೆಲವೇ ಹಿಡಿ ಎಲೆ ಸಾಕು ಕುದುರೆಯ ಪ್ರಾಣಕ್ಕೆ ಕುತ್ತು ತರಲು, ಮನೆಯಂಗಳದಲ್ಲೂ ಹೆದ್ದಾರಿಯ ನಡುಪಟ್ಟಿಯಲ್ಲೂ ನಾವು ಅದನ್ನೇ ಅಂದಕ್ಕೆ ಬೆಳೆಸುತ್ತೇವೆ.

ಎರಡರ ಹಿಂಗಾಲಿನ ಲಾಳಗಳನ್ನೂ ಮೊದಲೇ ತೆಗೆಸಿರಬೇಕು. ಎರಡು ಕುದುರೆಗೆ ಮೂರು ಕಡೆ ಹುಲ್ಲು ಹಾಕಬೇಕು, ದೂರ ದೂರಕ್ಕೆ, ಒಂದನ್ನು ಅಟ್ಟಿದರೂ ಅದಕ್ಕೆ ತಿನ್ನಲು ಇನ್ನೊಂದು ಗುಡ್ಡೆ ಇರುವಂತೆ. ಹುರುಳಿ, ಬೂಸಾ ಮಾತ್ರ ಅಂದು ಬೇಡ, ಅದು ಜಗಳಕ್ಕೆ ಆಹ್ವಾನ. ಸ್ವಲ್ಪ ಹಸಿದ ಹೊಟ್ಟೆಯಲ್ಲಿ, ಒಂದು ಗಂಟೆ ನಡೆಸಿ ದಣಿಸಿದ ಮೇಲೆ, ಬೆಳಗಿನ ತಂಪಿನಲ್ಲಿ ಬಿಟ್ಟರೆ ಇಬ್ಬರ ಗಮನವೂ ಹುಲ್ಲಿನ ಕಡೆಗಿರುತ್ತದೆ. ನೈಲಾನ್ ಹಗ್ಗದ ಮುಖಕಟ್ಟು ಯಾವುದಕ್ಕಾದರೂ ಸಿಕ್ಕಿಕೊಂಡರೆ ಹರಿಯುವುದಿಲ್ಲ, ಎಳೆದರೆ ಕಿತ್ತುಬರುವ ಚರ್ಮದ್ದಿರಲಿ. ಓಟ, ಕೆನೆತ, ಒಂದೆರಡು ಹುಸಿ ಒದೆತ ಮೊದಲ ಹತ್ತು ನಿಮಿಷದಲ್ಲಿ ಸಹಜ. ಕೈಮೀರಿದರೆ ನಡುವೆ ನುಗ್ಗದೆ, ಬೇಲಿಯ ಹೊರಗಿನಿಂದ ತಗಡಿನ ಡಬ್ಬಿ ಬಡಿದು ಗಮನ ಸೆಳೆಯಬೇಕು. ಅರ್ಧ ಗಂಟೆ ಸಾಕು. ಚೆನ್ನಾಗಿ ನಡೆಯುತ್ತಿದೆಯೆಂದು ಇಡೀ ದಿನ ಬಿಟ್ಟುಬಿಡುವುದೂ ಆತುರವೇ.

ಇನ್ನು ದಾರಿಯ ಪಾಠ. ಇಬ್ಬರು ಎರಡು ಕುದುರೆಗಳ ಹಗ್ಗ ಹಿಡಿದು, ಮೊದಲು ತೋಟದೊಳಗಿನ ಹಾದಿಯಲ್ಲಿ, ಆಮೇಲೆ ಬಂಡಿಜಾಡಿನಲ್ಲಿ, ಕೊನೆಗೆ ಊರಿನ ಟಾರು ರಸ್ತೆಯಲ್ಲಿ ನಡೆಸಬೇಕು. ಕುದುರೆಯ ಎರಡೂ ಕಣ್ಣು ಸೇರಿ ಸುಮಾರು 350 ಡಿಗ್ರಿಯಷ್ಟು ಕಾಣುತ್ತವೆ, ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಮಾತ್ರ ಕುರುಡು. ನೇರ ಹಿಂದಿನಿಂದ ಬರುವ ಬೈಕು ಎಳೆಯ ಕುದುರೆಗೆ ಶೂನ್ಯದಿಂದ ಸಿಡಿದು ಬಂದಂತಿರುತ್ತದೆ. ಪಳಗಿದ ಕುದುರೆ ಪಕ್ಕದಲ್ಲಿ ಕಿವಿಯನ್ನೂ ಅಲುಗಿಸದೆ ನಡೆಯುತ್ತಿದ್ದರೆ ಎಳೆಯದು ತನ್ನ ಭಯವನ್ನು ಅದರ ಮುಖ ನೋಡಿ ಅಳೆದುಕೊಳ್ಳುತ್ತದೆ. ಜೋಡಿಯಾಗಿ ನಡೆಸುವುದರಿಂದ ಸಿಗುವ ಲಾಭವೇ ಇದು, ಹಾಗೆಯೇ ಮನೆಯ ಕುದುರೆಯೇ ಬೆದರುವ ಸ್ವಭಾವದ್ದಾದರೆ ಅದು ಕಲಿಸುವುದೂ ಬೆದರಿಕೆಯನ್ನೇ. ನಾವು ರಸ್ತೆಯ ಎಡಕ್ಕೆ ನಡೆಯುವುದರಿಂದ ವಾಹನಗಳು ನಮ್ಮ ಬಲಕ್ಕೆ ಹಾಯುತ್ತವೆ. ಆದ್ದರಿಂದ ಮನೆಯ ಕುದುರೆ ಬಲಕ್ಕೆ, ಹೊಸದು ಎಡಕ್ಕೆ, ಅಂದರೆ ಟಿಪ್ಪರಿಗೂ ಎಳೆಯದಕ್ಕೂ ನಡುವೆ ಹಿರಿಯದು ಇರಬೇಕು. ಮುಂದೆ ಮನೆಯ ಕುದುರೆಯ ಮೇಲೆ ಕುಳಿತು ಹೊಸದನ್ನು ಹಗ್ಗದಲ್ಲಿ ಹಿಡಿದು ನಡೆಸುವಾಗಲೂ ಇದೇ ಕ್ರಮ. ಎಳೆಯದರ ತಲೆ ಸವಾರನ ಮೊಣಕಾಲಿನ ಸಮಕ್ಕಿರಬೇಕು, ಅದಕ್ಕಿಂತ ಹಿಂದೆ ಉಳಿದರೆ ಹಿಂಗಾಲಿನ ಒದೆತಕ್ಕೆ ಸಿಗುತ್ತದೆ, ಮುಂದೆ ಹೋದರೆ ಅಡ್ಡ ತಿರುಗಿ ಹಿರಿಯದನ್ನು ನಿಲ್ಲಿಸುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದಾಗಲಿ ಜೀನಿಗೆ ಬಿಗಿಯುವುದಾಗಲಿ ಕೂಡದು. ಮಡಿಕೆ ಮಾಡಿ ಹಿಡಿದರೆ ಬಿಡಬೇಕಾದಾಗ ಬಿಡಬಹುದು.

ಹೊಸ ಕುದುರೆ ಜೀನು ಹೊರುವ ವಯಸ್ಸಿಗೆ ಬಂದು, ಬೇಲಿಯೊಳಗೆ ಸವಾರನನ್ನು ಒಪ್ಪಿಕೊಂಡ ಮೇಲೆ ಇಬ್ಬರು ಸವಾರರು ಒಟ್ಟಿಗೆ ಹೊರಡಬಹುದು. ಮೊದಮೊದಲು ಮನೆಯದು ಮುಂದೆ. ಹಿಂದಿನ ಸವಾರನಿಗೆ ತನ್ನ ಕುದುರೆಯ ಎರಡು ಕಿವಿಗಳ ನಡುವಿನಿಂದ ಮುಂದಿನ ಕುದುರೆಯ ಹಿಂಗಾಲಿನ ಗೊರಸು ಕಾಣುತ್ತಿರುವಷ್ಟು ಅಂತರ ಇರಬೇಕು. ಒಂದಕ್ಕಿಂತ ಹೆಚ್ಚು ಕುದುರೆಯುದ್ದದ ಅಂತರ ಅದು. ನಡಿಗೆಯಿಂದ ದುಲಕಿಗೆ, ಅಂದರೆ ಲಘು ಓಟಕ್ಕೆ, ಏರುವ ಮುನ್ನ ಮುಂದಿನವನು ಹಿಂದಿನವನಿಗೆ ಹೇಳಿ, ಅವನು ಸರಿ ಎಂದ ಮೇಲಷ್ಟೇ ಏರಬೇಕು. ಒಬ್ಬ ಇಳಿದು ಗೇಟು ತೆಗೆದರೆ ಅವನು ಮತ್ತೆ ಹತ್ತಿ ರಿಕಾಪಿಗೆ ಕಾಲು ಕೊಡುವವರೆಗೆ ಇನ್ನೊಬ್ಬ ಕದಲಬಾರದು. ಒಂದು ಓಡಿದರೆ ಇನ್ನೊಂದೂ ಓಡುವುದು ಹಿಂಡಿನ ಪ್ರಾಣಿಯ ರಕ್ತದಲ್ಲಿದೆ, ರೇಸು ಕಂಡ ಕುದುರೆಗಳಲ್ಲಂತೂ ಅದು ಇಮ್ಮಡಿ. ದೇವರಾಯನದುರ್ಗದ ಏರಿನಲ್ಲಿ ಓಡಿಸಬೇಕೆನಿಸಿದರೆ ಓಡಿಸಬಹುದು, ಮನೆಯ ಕಡೆ ಮುಖ ತಿರುಗಿಸಿದ ಮೇಲೆ ಮಾತ್ರ ನಡಿಗೆಯೊಂದೇ.

ಈಗ ಬಿಟ್ಟುಹೋಗುವ ಅರ್ಧದ ಮಾತು. ಎರಡು ತಿಂಗಳಲ್ಲಿ ಕುದುರೆಗಳು ಎಷ್ಟು ಅಂಟಿಕೊಂಡಿರುತ್ತವೆಂದರೆ ಒಂದನ್ನು ಹೊರಗೆ ಕರೆದೊಯ್ದರೆ ಇನ್ನೊಂದು ಲಾಯದ ಬಾಗಿಲಿಗೆ ಎದೆ ಗುದ್ದುತ್ತದೆ, ಕೆನೆದು ಬೆವರುತ್ತದೆ. ಮಾಲೀಕರು ಅದನ್ನು ಪ್ರೀತಿಯೆಂದು ಮೆಚ್ಚಿ ವಿಡಿಯೋ ಮಾಡುತ್ತಾರೆ. ಅದೇ ಸ್ಥಿತಿಯಲ್ಲಿ ದಾರಿಯ ಮಧ್ಯೆ ಒಂದಕ್ಕೆ ಲಾಳ ಕಿತ್ತು ನಿಲ್ಲಬೇಕಾಗಿ ಬಂದರೆ ಇನ್ನೊಂದರ ಬೆನ್ನ ಮೇಲಿನ ಸವಾರನನ್ನು ದೇವರೇ ಕಾಯಬೇಕು. ಆದ್ದರಿಂದ ಅಗಲಿಕೆಯನ್ನೂ ಹೆಜ್ಜೆಯ ಲೆಕ್ಕದಲ್ಲಿ ಕಲಿಸಬೇಕು. ಎರಡೂ ಹುಲ್ಲು ತಿನ್ನುತ್ತಿರುವಾಗ ಒಂದನ್ನು ಹತ್ತು ಹೆಜ್ಜೆ ಕರೆದೊಯ್ದು ತರುವುದು, ನಾಳೆ ಇಪ್ಪತ್ತು, ಮತ್ತೊಂದು ದಿನ ಲಾಯದ ಮೂಲೆ ತಿರುಗಿ ಮರೆಯಾಗಿ ಕೂಡಲೇ ಮರಳುವುದು. ಉಳಿದದ್ದು ತಲೆಯೆತ್ತಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿದರೆ ಮಾತ್ರ ದೂರ ಹೆಚ್ಚಿಸಬೇಕು. ಹೊರಡುವ ಸರದಿಯೂ ಬದಲಾಗಬೇಕು, ಏಕೆಂದರೆ ಬಹಳ ಸಲ ಹೆಚ್ಚು ಕಂಗೆಡುವುದು ಎಳೆಯದಲ್ಲ, ವರ್ಷಗಟ್ಟಲೆ ಒಂಟಿಯಾಗಿದ್ದು ಈಗ ಜೊತೆ ಕಂಡ ಹಿರಿಯದು. ಸವಾರಿಯಲ್ಲೂ ಹಾಗೆಯೇ ಸ್ಥಾನ ಬದಲಿಸುತ್ತ, ಎಳೆಯದನ್ನು ಐವತ್ತು ಹೆಜ್ಜೆ ಮುಂದೆ ಬಿಟ್ಟು, ಕವಲುದಾರಿಯಲ್ಲಿ ಬೇರೆಯಾಗಿ ಮುಂದಿನ ತಿರುವಿನಲ್ಲಿ ಕೂಡುತ್ತ ಅಭ್ಯಾಸ ಮಾಡಿಸಬೇಕು.

ಲಾರಿಯ ಪ್ರಯಾಣ ಇವೆಲ್ಲದರ ನಂತರ. 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ಕುದುರೆ ಪ್ರಯಾಣಕ್ಕೆ ಯೋಗ್ಯವೆಂದು ಪಶುವೈದ್ಯರ ಪ್ರಮಾಣಪತ್ರ ಬೇಕು. ಹತ್ತಿಸುವಾಗ ಮನೆಯದು ಮೊದಲು, ಹೊಸದು ಅದನ್ನು ಒಳಗೆ ಕಂಡು ಹಿಂಬಾಲಿಸುತ್ತದೆ, ಇಳಿಸುವಾಗ ಹೊಸದು ಮೊದಲು ಇಳಿದರೂ ಹಿರಿಯದು ಕಣ್ಣೆದುರೇ ಇರುತ್ತದೆ. ಪ್ರಯಾಣದ ದಿನವೇ ಮೊದಲ ಬಾರಿ ಹತ್ತಿಸಬಾರದು, ನಿಂತ ಲಾರಿಗೆ ವಾರವಿಡೀ ಹತ್ತಿಸಿ, ಒಳಗೇ ಹುಲ್ಲು ತಿನ್ನಿಸಿ ಇಳಿಸಬೇಕು. ಎರಡರ ನಡುವೆ ಗಟ್ಟಿಯಾದ ಅಡ್ಡಗಳು, ಜಾರದಂತೆ ಮರಳಿನ ಮೇಲೆ ತೆಂಗಿನ ನಾರಿನ ಹಾಸು ಇರಲಿ. ಒಂದನ್ನೇ ಒಯ್ಯುವುದಾದರೆ ಚಾಲಕನ ಕಡೆ, ಅಂದರೆ ಬಲಕ್ಕೆ ನಿಲ್ಲಿಸಬೇಕು, ನಮ್ಮ ರಸ್ತೆಗಳು ಎಡ ಅಂಚಿಗೆ ಇಳಿಜಾರಾಗಿರುವುದರಿಂದ ಎಡಕ್ಕೆ ಭಾರ ಬಿದ್ದರೆ ವಾಹನ ವಾಲುತ್ತದೆ. ತಲೆಯನ್ನು ಮೇಲಕ್ಕೆ ಬಿಗಿದು ಕಟ್ಟುವ ರೂಢಿ ಅಪಾಯಕಾರಿ. ಕುದುರೆ ತಲೆ ತಗ್ಗಿಸಿದಾಗಲೇ ಶ್ವಾಸನಾಳದ ಕಫ, ಧೂಳು ಹೊರಬರುತ್ತದೆ, ಗಂಟೆಗಟ್ಟಲೆ ತಗ್ಗಿಸಲಾಗದಿದ್ದರೆ ಅದು ಶ್ವಾಸಕೋಶಕ್ಕಿಳಿದು ಸೋಂಕಾಗುತ್ತದೆ. ದೂರದ ದಾರಿಯಾದರೆ ಮೂರು ನಾಲ್ಕು ಗಂಟೆಗೊಮ್ಮೆ ನೆರಳಿನಲ್ಲಿ ನಿಲ್ಲಿಸಿ, ಹಗ್ಗ ಸಡಿಲಿಸಿ, ನೀರು ಕುಡಿಸಿ ತಲೆ ತಗ್ಗಿಸಲು ಬಿಡಬೇಕು. ತಲುಪಿದ ಮೇಲೆ ಎರಡನ್ನೂ ಪರಸ್ಪರ ಕಾಣುವಂತೆ ಕಟ್ಟಿ, ಮುಂದಿನ ಮೂರು ದಿನ ಮತ್ತೆ ಬೆಳಗ್ಗೆ ಸಂಜೆ ಥರ್ಮಾಮೀಟರ್ ಇಟ್ಟು ಬರೆದುಕೊಳ್ಳಬೇಕು, ಪ್ರಯಾಣದ ಜ್ವರ ಕಾಣಿಸಿಕೊಳ್ಳುವುದಾದರೆ ಸಾಮಾನ್ಯವಾಗಿ ಆ ಮೂರು ದಿನಗಳಲ್ಲೇ.